ಕುದುರೆ ಸವಾರಿಯ ಮೊದಲ ಪಾಠಗಳು



ನಮ್ಮಲ್ಲಿ ಬಹುಮಂದಿಗೆ ಕುದುರೆಯೆಂಬುದು ದೂರದಿಂದ ನೋಡಿ ಮೆಚ್ಚತಕ್ಕ ಪ್ರಾಣಿ. ದಸರೆಯ ಮೆರವಣಿಗೆಯಲ್ಲಿ ಅಶ್ವಾರೋಹಿ ಪೊಲೀಸರು ಸಾಲುಗೊಂಡು ಹೋಗುವುದನ್ನು ಕಂಡಿದ್ದೇವೆ. ಮೈಸೂರಿನಲ್ಲಿ ಇನ್ನೂ ಉಳಿದಿರುವ ಕೆಲವು ಟಾಂಗಾಗಳಲ್ಲಿ ಒಂದೆರಡು ಸಲ ಕುಳಿತೂ ಇರಬಹುದು. ಇದಕ್ಕಿಂತ ಹೆಚ್ಚಿನ ಪರಿಚಯವೆಲ್ಲ ಪುಸ್ತಕಗಳಿಂದ ಬಂದದ್ದು. ಪುಸ್ತಕದ ಕುದುರೆಯೋ ಗಾಳಿಯನ್ನು ಹಿಂದೆ ಹಾಕುತ್ತದೆ, ಕಂದಕಗಳನ್ನು ಹಾರುತ್ತದೆ, ಒಡೆಯನು ಬಿದ್ದರೆ ಕಣ್ಣೀರಿಡುತ್ತದೆ. ನೊಣದ ಕಾಟಕ್ಕೆ ಅದು ಬಾಲ ಬೀಸುವುದನ್ನಾಗಲಿ, ಗಾಳಿಗೆ ಹಾರಿಬಂದ ಕಾಗದದ ಚೂರೊಂದಕ್ಕೆ ಬೆದರಿ ಪಕ್ಕಕ್ಕೆ ನೆಗೆಯುವುದನ್ನಾಗಲಿ ಕವಿಗಳು ಹೇಳುವುದು ಕಡಮೆ. ಈ ಪುಸ್ತಕದ ಕುದುರೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು, ನಲವತ್ತು ದಾಟಿದ ಮೇಲೆ, ತರಗತಿಯಲ್ಲಿ ನಿಂತು ನಿಂತು ಬಾಗಿದ ಬೆನ್ನಿನೊಡನೆ, ನಾವು ಸವಾರಿ ಕಲಿಯಲು ಹೋದೆವು. ಆಗ ತಿಳಿದುಬಂದ ಕೆಲವು ಸಂಗತಿಗಳನ್ನು ಇಂದು ತಮ್ಮ ಮುಂದಿಡುತ್ತೇವೆ.

ಊರ ಹೊರಗೆ ಒಂದು ಸಣ್ಣ ಸವಾರಿಶಾಲೆ. ಅಲ್ಲಿ ಕಲಿಸುತ್ತಿದ್ದ ಉಸ್ತಾದರು ಹಿಂದೆ ಸೈನ್ಯದ ಕುದುರೆಲಾಯದಲ್ಲಿ ಬಹುಕಾಲ ಕೆಲಸಮಾಡಿದವರು. ನಮ್ಮ ಪಾಲಿಗೆ ಬಂದದ್ದು ಬೂದುಬಣ್ಣದ, ವಯಸ್ಸಾದ, ಎಲ್ಲ ಹೊಸಬರನ್ನೂ ಸಹಿಸಿಕೊಂಡು ಬಂದ ಒಂದು ಹೆಣ್ಣುಕುದುರೆ. ಹೊಸ ಬೂಟು ತೊಟ್ಟು, ಏರಲು ಸಿದ್ಧರಾಗಿ ನಿಂತ ನಮ್ಮ ಕೈಗೆ ಉಸ್ತಾದರು ಒಂದು ಉಜ್ಜುವ ಬ್ರಷ್ಷನ್ನು ಕೊಟ್ಟು, "ಮೇಷ್ಟ್ರೇ, ಇವತ್ತು ಹತ್ತೋದಿಲ್ಲ. ಮೈ ಉಜ್ಜಿ. ಅವಳು ನಿಮ್ಮನ್ನು ನೋಡ್ಕೊಳ್ಳಲಿ," ಎಂದರು. ಹಣ ಕೊಟ್ಟು ಬಂದವರಿಗೆ ಕಾಸ್ತಾರನ ಕೆಲಸವೇ ಎಂದು ನಮಗೆ ಸ್ವಲ್ಪ ಅಸಮಾಧಾನವಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಒಂದು ವಾರ ಪೂರ್ತಿ ನೆಲದ ಮೇಲೆಯೇ ಕಳೆಯಿತು. ಸವಾರಿಯ ವಿದ್ಯೆಯಲ್ಲಿ ಅರ್ಧಭಾಗ ಆ ವಾರದಲ್ಲಿಯೇ ಇದ್ದಿತೆಂದು ಈಗ ಹೇಳಬಲ್ಲೆವು.

ಕುದುರೆಯ ಬಳಿಗೆ ಹೋಗುವುದಕ್ಕೂ ಒಂದು ಕ್ರಮವುಂಟು. ಅದರ ಕಣ್ಣುಗಳು ನಮ್ಮವುಗಳಂತೆ ಮುಖದ ಮುಂಭಾಗದಲ್ಲಿಲ್ಲ. ತಲೆಯ ಎರಡು ಪಕ್ಕಗಳಲ್ಲಿವೆ. ಆದುದರಿಂದ ಅದು ಕತ್ತನ್ನು ತಿರುಗಿಸದೆಯೇ ತನ್ನ ಸುತ್ತಲಿನ 360 ಅಂಶಗಳಲ್ಲಿ ಸುಮಾರು 350ನ್ನು ಕಾಣಬಲ್ಲುದು. ಕಾಣದಿರುವುದು ಎರಡೇ ಕಡೆ: ಮೂಗಿನ ನೇರ ಮುಂದೆ ಅಷ್ಟಿಷ್ಟು, ಮತ್ತು ಬಾಲದ ನೇರ ಹಿಂದೆ. ತಿಳಿಯದವನು ಮಾಡುವುದಾದರೋ ಈ ಎರಡನ್ನೇ. ಪ್ರೀತಿಯಿಂದ ನೇರವಾಗಿ ಮೂಗಿಗೆ ಕೈಚಾಚುತ್ತಾನೆ. ಇಲ್ಲವೆ ಹಿಂದಿನಿಂದ ಬಂದು ತೊಡೆ ತಟ್ಟುತ್ತಾನೆ. ಕಾಣದ ಕಡೆಯಿಂದ ಮುಟ್ಟಿದ್ದನ್ನು ಕುದುರೆಯು ಹುಲಿಯೆಂದು ಭಾವಿಸಿದರೆ ಅದರ ತಪ್ಪೇನು? ಸಾವಿರಾರು ತಲೆಮಾರುಗಳ ಕಾಲ ಹಾಗೆ ಭಾವಿಸದ ಕುದುರೆಗಳು ಹುಲಿಯ ಹೊಟ್ಟೆಗೆ ಹೋದುವು. ಭಾವಿಸಿ ಓಡಿದುವುಗಳ ಸಂತಾನವೇ ನಮ್ಮ ಲಾಯಗಳಲ್ಲಿರುವುದು. ಕೊಂಬಿಲ್ಲದ, ಕೋರೆಯಿಲ್ಲದ ಈ ಪ್ರಾಣಿಗೆ ಓಟವೇ ರಕ್ಷೆ. ಹೊಸಬನು ಎಡಗಡೆಯ ಹೆಗಲಿನ ಕಡೆಯಿಂದ, ಮೆಲ್ಲಗೆ ಮಾತಾಡುತ್ತ ಹೋಗಿ, ಮೊದಲು ಹೆಗಲಿನ ಮೇಲೆ ಕೈಯಿಡಬೇಕು. ಹಿಂದುಗಡೆ ಹಾದುಹೋಗಬೇಕಾದರೆ ಒದೆತಕ್ಕೆ ಸಿಕ್ಕದಷ್ಟು ದೂರದಲ್ಲಿ ಹೋಗಬೇಕು. ಜಾಗವಿಲ್ಲದಿದ್ದರೆ ಮೈಗೆ ಅಂಟಿಕೊಂಡಂತೆ, ಕೈಯನ್ನು ಅದರ ಸೊಂಟದ ಮೇಲೆಯೇ ಇಟ್ಟು, ತಾನಿರುವ ಸ್ಥಳ ಅದಕ್ಕೆ ತಿಳಿಯುವಂತೆ ಹಾಯಬೇಕು. ಅರ್ಧ ದೂರದಲ್ಲಿ ನಿಂತವನಿಗೇ ಒದೆತದ ಪೂರ್ಣ ಬಲ ತಗಲುವುದು.

ಕಿವಿಗಳನ್ನು ನೋಡುತ್ತಿರಬೇಕೆಂದು ಉಸ್ತಾದರು ದಿನವೂ ಹೇಳುತ್ತಿದ್ದರು. ಕುದುರೆಯ ಗಮನ ಎಲ್ಲಿದೆಯೋ ಕಿವಿ ಅಲ್ಲಿಗೆ ತಿರುಗಿರುತ್ತದೆ. ಎರಡೂ ಮುಂದಕ್ಕೆ ಚಾಚಿದ್ದರೆ ಎದುರಿಗೆ ಏನನ್ನೋ ಕಂಡಿದೆ. ಒಂದು ಹಿಂದಕ್ಕೆ ತಿರುಗಿದ್ದರೆ ಬೆನ್ನ ಮೇಲಿನವನ ಕಡೆಗೆ ಲಕ್ಷ್ಯವಿದೆ. ಎರಡೂ ಕತ್ತಿಗೆ ಒತ್ತಿಕೊಂಡಂತೆ ಮಲಗಿದರೆ ಕೋಪ, ಅಥವಾ ನೋವು. ಹಿಂಗಾಲೊಂದನ್ನು ಮಡಿಸಿ ಗೊರಸಿನ ತುದಿಯನ್ನು ನೆಲಕ್ಕೂರಿ ನಿಂತಿದ್ದರೆ ವಿಶ್ರಾಂತಿ. ಕುದುರೆಯು ನಿಂತುಕೊಂಡೇ ತೂಕಡಿಸಬಲ್ಲುದು, ಅದರ ಕಾಲಿನ ನರಗಳೂ ಕಟ್ಟುಗಳೂ ಕೀಲುಗಳನ್ನು ಬಿಗಿದು ಹಿಡಿಯುವಂತಿವೆ. ಆದರೆ ಗಾಢನಿದ್ರೆಗೆ ಅದೂ ಸ್ವಲ್ಪ ಹೊತ್ತು ಮಲಗಲೇಬೇಕು. ಮಲಗಿದ ಕುದುರೆಯೆಲ್ಲ ರೋಗಿಯೆಂದು ತಿಳಿಯುವುದು ನಮ್ಮ ಜನರಲ್ಲಿ ಬೇರೂರಿದ ತಪ್ಪು.

ಮೈ ಉಜ್ಜುವಾಗ ಒಂದು ನೊಣ ಬಂದು ಅದರ ಪಕ್ಕೆಯ ಮೇಲೆ ಕುಳಿತಿತು. ಕುಳಿತ ಕೂಡಲೇ ಆ ಜಾಗದ ಚರ್ಮ ಮಾತ್ರ ಅದಿರಿ ನೊಣ ಹಾರಿತು. "ನೊಣದ ಕಾಲು ಗೊತ್ತಾಗೋ ಚರ್ಮದ ಮೇಲೆ ನೀವು ನಾಳೆ ಕೂತ್ಕೊಳ್ತೀರಿ, ಮೇಷ್ಟ್ರೇ," ಎಂದರು ಉಸ್ತಾದರು. ಆಗ ಇದನ್ನು ಹಾಸ್ಯವೆಂದು ತಿಳಿದೆವು.

ಗೊರಸುಗಳ ವಿಷಯವನ್ನು ಸ್ವಲ್ಪ ಹೇಳಬೇಕು. ಕುದುರೆಯು ಪ್ರತಿಯೊಂದು ಕಾಲಿನಲ್ಲಿಯೂ ಒಂದೇ ಬೆರಳಿನ ಮೇಲೆ, ನಮ್ಮ ನಡುಬೆರಳಿಗೆ ಸಮನಾದುದರ ಮೇಲೆ, ನಡೆಯುವ ಪ್ರಾಣಿ. ಗೊರಸೆಂಬುದು ಆ ಬೆರಳಿನ ಉಗುರು. ಅದರ ಹೊರಗೋಡೆಯಲ್ಲಿ ನರವಿಲ್ಲವಾದುದರಿಂದಲೇ ಲಾಳದ ಮೊಳೆ ಹೊಡೆಯುವುದು ಸಾಧ್ಯ. ಆದರೆ ಮೊಳೆ ಒಂದೆಳೆ ಒಳಕ್ಕೆ ಹೋದರೆ ಕುದುರೆ ಕುಂಟಾಗುತ್ತದೆ. ಉಗುರಿನಂತೆ ಇದೂ ಬೆಳೆಯುವುದರಿಂದ ಸುಮಾರು ಆರು ವಾರಗಳಿಗೊಮ್ಮೆ ಲಾಳವನ್ನು ತೆಗೆದು, ಗೊರಸನ್ನು ಕೊರೆದು, ಮತ್ತೆ ಕಟ್ಟಬೇಕು. ಸವಾರಿಗೆ ಮುಂಚೆಯೂ ಆಮೇಲೂ ನಾಲ್ಕು ಕಾಲುಗಳನ್ನೂ ಒಂದೊಂದಾಗಿ ಎತ್ತಿ, ತಳದಲ್ಲಿ ಸಿಕ್ಕಿದ ಕಲ್ಲು ಮಣ್ಣನ್ನು ಕೆದಕಿ ತೆಗೆಯಬೇಕು. ಸುಮಾರು ನಾನೂರೈವತ್ತು ಕಿಲೋಗ್ರಾಂ ತೂಕದ ಪ್ರಾಣಿಯು ತನ್ನ ಕಾಲನ್ನು ತಾನಾಗಿ ಎತ್ತಿ ನಮ್ಮ ಅಂಗೈಯಲ್ಲಿಟ್ಟಾಗ ಉಂಟಾಗುವ ಭಾವನೆಯನ್ನು ವರ್ಣಿಸುವುದು ಕಷ್ಟ. ಓಟವೇ ರಕ್ಷೆಯಾದ ಪ್ರಾಣಿ ಓಡುವ ಕಾಲನ್ನೇ ನಮ್ಮ ಕೈಗೆ ಒಪ್ಪಿಸುತ್ತದೆಯಷ್ಟೆ.

ಹಿಂದಿನವರು ಇದನ್ನೆಲ್ಲ ಅರಿತಿದ್ದರು. ಸುಮಾರು 2,400 ವರ್ಷಗಳ ಹಿಂದೆ ಗ್ರೀಸ್ ದೇಶದ ಜ಼ೆನೊಫನ್ ಎಂಬ ಸೇನಾನಿ ಸವಾರಿಯ ಮೇಲೆ ಬರೆದ ಗ್ರಂಥದಲ್ಲಿ ಕುದುರೆಯ ಪರೀಕ್ಷೆಯನ್ನು ಪಾದದಿಂದಲೇ ಆರಂಭಿಸುತ್ತಾನೆ. ಕೋಪದಲ್ಲಿರುವಾಗ ಕುದುರೆಯೊಡನೆ ವ್ಯವಹರಿಸಬಾರದೆಂಬುದನ್ನು ಮುಖ್ಯ ನಿಯಮವನ್ನಾಗಿ ಮಾಡುತ್ತಾನೆ. ಅವನಿಗಿಂತಲೂ ಸುಮಾರು ಸಾವಿರ ವರ್ಷ ಹಿಂದೆ ಮಿತಾನ್ನಿ ದೇಶದ ಕಿಕ್ಕುಲಿ ಎಂಬವನು ರಥದ ಕುದುರೆಗಳನ್ನು ಏಳು ತಿಂಗಳ ಕಾಲ ದಿನದಿನವೂ ಹೇಗೆ ಪಳಗಿಸಬೇಕು, ಯಾವಾಗ ಮೇವು ನೀರು ಕೊಡಬೇಕೆಂಬುದನ್ನು ಮಣ್ಣಿನ ಫಲಕಗಳ ಮೇಲೆ ಬರೆಯಿಸಿದನು. ಈಗಿನ ತುರ್ಕಿಯಲ್ಲಿ ದೊರೆತ ಆ ಫಲಕಗಳಲ್ಲಿ ಸುತ್ತುಗಳ ಎಣಿಕೆಗೆ ಐಕ, ತೇರ, ಪಂಜ, ಸತ್ತ, ನವ ಎಂಬ ಶಬ್ದಗಳಿವೆ. ನಮ್ಮ ಏಕ, ತ್ರಿ, ಪಂಚ, ಸಪ್ತ, ನವ ಇವೇ ಅಲ್ಲವೆ! ನಮ್ಮ ದೇಶದಲ್ಲಿ ಶಾಲಿಹೋತ್ರನ ಹೆಸರಿನಲ್ಲಿ ಅಶ್ವಶಾಸ್ತ್ರವೇ ಬೆಳೆಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನು ಕುದುರೆಯೇರಿ ಚೆಂಡಾಡುವ ವಿನೋದಕ್ಕೆ ಒಂದು ಭಾಗವೇ ಮೀಸಲಾಗಿದೆ.

ಆದರೆ ಅರಿಯದ ಕಡೆ ಏನಾಗುತ್ತಿದ್ದಿತೆಂಬುದಕ್ಕೂ ಸಾಕ್ಷ್ಯವಿದೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ದಕ್ಷಿಣಕ್ಕೆ ಬಂದ ಮಾರ್ಕೊ ಪೋಲೋ ತಮಿಳು ಕರಾವಳಿಯ ರಾಜರು ಅರಬರಿಂದ ವರ್ಷವರ್ಷವೂ ಸಾವಿರಾರು ಕುದುರೆಗಳನ್ನು ಕೊಳ್ಳುತ್ತಿದ್ದುದನ್ನೂ, ಮಾಂಸ ಬೆರೆಸಿದ ಅನ್ನವನ್ನು ತಿನ್ನಿಸಿ, ಲಾಳ ಕಟ್ಟಲು ತಿಳಿದವರಿಲ್ಲದೆ, ಅವುಗಳಲ್ಲಿ ಬಹುಪಾಲು ವರ್ಷದೊಳಗೆ ಸಾಯುತ್ತಿದ್ದುದನ್ನೂ ಬರೆದಿದ್ದಾನೆ. ಮಾರುವವರು ಲಾಳಗಾರರನ್ನು ಬೇಕೆಂದೇ ಕಳುಹಿಸುತ್ತಿರಲಿಲ್ಲವಂತೆ; ಕುದುರೆ ಸತ್ತಷ್ಟೂ ವ್ಯಾಪಾರ! ವಿಜಯನಗರದ ಅರಸನು ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸನಾದ ನೂನಿಜ್ ಹದಿನಾರನೆಯ ಶತಮಾನದಲ್ಲಿ ಬರೆದನು. ಹಂಪೆಯ ಹಜಾರರಾಮ ದೇವಾಲಯದ ಹೊರಗೋಡೆಯ ಮೇಲೆ ಕೆತ್ತಿರುವ ಕುದುರೆಗಳ ಸಾಲನ್ನು ನೋಡುವಾಗ ನಮಗೆ ಈ ಲೆಕ್ಕ ನೆನಪಾಗದಿರುವುದಿಲ್ಲ.

ಮೇವಿನ ಮಾತು ಬಂದುದರಿಂದ ಅದನ್ನು ಇಲ್ಲಿಯೇ ಮುಗಿಸುತ್ತೇವೆ. ಕುದುರೆಯು ಎತ್ತಿನಂತೆ ಮೆಲುಕು ಹಾಕುವುದಿಲ್ಲ. ಅದರ ಜಠರ ದೇಹಕ್ಕೆ ಹೋಲಿಸಿದರೆ ಚಿಕ್ಕದು. ಹದಿನೈದು ಲೀಟರಿಗಿಂತ ಹೆಚ್ಚು ಹಿಡಿಯುವುದಿಲ್ಲ. ದಿನವೆಲ್ಲ ಸ್ವಲ್ಪ ಸ್ವಲ್ಪವಾಗಿ ಹುಲ್ಲು ಮೇಯುವುದಕ್ಕೆ ತಕ್ಕ ಹೊಟ್ಟೆ ಅದು. ಇನ್ನೂ ಮುಖ್ಯವಾದುದೆಂದರೆ, ಕುದುರೆಗೆ ವಾಂತಿ ಮಾಡಿಕೊಳ್ಳಲು ಬಾರದು. ಒಮ್ಮೆಗೇ ಬಹಳ ಹುರುಳಿಯನ್ನೋ ಕಾಳನ್ನೋ ತಿಂದರೆ ಒಳಗೆ ಹೋದದ್ದು ಹಿಂದಕ್ಕೆ ಬರುವ ದಾರಿಯಿಲ್ಲ. ಹೊಟ್ಟೆಶೂಲೆ ಹಿಡಿದು ಪ್ರಾಣಕ್ಕೇ ಅಪಾಯವಾಗುತ್ತದೆ. ಮದುವೆಮನೆಗಳ ಮುಂದೆ ಅಲಂಕರಿಸಿ ನಿಲ್ಲಿಸಿದ ಕುದುರೆಗೆ ಲಾಡು, ಬಾಳೆಹಣ್ಣುಗಳನ್ನು ತುರುಕುವ ಮಹನೀಯರು ಇದನ್ನು ನೆನಪಿನಲ್ಲಿಡಬೇಕು.

ಎಂಟನೆಯ ದಿನ ಜೀನು ಹಾಕುವುದನ್ನು ಕಲಿತೆವು. ಜೀನಿನ ಪಟ್ಟಿಯನ್ನು ಒಂದೇ ಸಲಕ್ಕೆ ಬಿಗಿಯಬಾರದು. ಅನುಭವವುಳ್ಳ ಕುದುರೆಯು ಪಟ್ಟಿ ಕಟ್ಟುವಾಗ ಎದೆಯುಬ್ಬಿಸಿ ನಿಲ್ಲುತ್ತದೆ. ನಾಲ್ಕು ಹೆಜ್ಜೆ ನಡೆಸಿ ಮತ್ತೆ ಬಿಗಿಯದಿದ್ದರೆ ಏರುವಾಗ ಜೀನೂ ಸವಾರನೂ ಹೊಟ್ಟೆಯ ಕೆಳಕ್ಕೆ ಜಾರುವುದು ಖಂಡಿತ. ಬಾಯೊಳಗೆ ಹೋಗುವ ಕಬ್ಬಿಣದ ತುಂಡೇ ಕಡಿವಾಣ. ಕುದುರೆಯ ಮುಂಭಾಗದ ಹಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವೆ ಒಂದು ಬರಿಯ ಜಾಗವಿದೆ. ಅಲ್ಲಿ ಹಲ್ಲಿಲ್ಲ, ಎಲುಬಿನ ಮೇಲೆ ತೆಳುವಾದ ವಸಡು ಮಾತ್ರ. ಕಡಿವಾಣ ಕುಳಿತುಕೊಳ್ಳುವುದು ಅಲ್ಲಿಯೇ. ಮನುಷ್ಯನು ಈ ಸಂದನ್ನು ಕಂಡುಹಿಡಿಯದಿದ್ದರೆ ಲೋಕದ ಚರಿತ್ರೆಯೇ ಬೇರೆಯಾಗುತ್ತಿದ್ದಿತು. ಲಗಾಮನ್ನು ಎಳೆದಾಗ ಕಬ್ಬಿಣವು ಒತ್ತುವುದು ನಾಲಗೆಯನ್ನೂ ಆ ವಸಡನ್ನೂ ಎಂಬುದು ತಿಳಿದ ಮೇಲೆ ಲಗಾಮು ಹಿಡಿಯುವ ಕೈ ತಾನಾಗಿಯೇ ಹಗುರವಾಗಬೇಕು. ಆದರೆ ತಿಳಿವಳಿಕೆ ಬೇರೆ, ಕೈ ಬೇರೆ.

ಏರುವುದು ಎಡಗಡೆಯಿಂದ. ಸೈನಿಕರ ಕತ್ತಿ ಎಡಸೊಂಟದಲ್ಲಿ ತೂಗುತ್ತಿದ್ದುದರಿಂದ ಈ ಪದ್ಧತಿ ಬಂದಿತೆಂದು ಹೇಳುತ್ತಾರೆ. ಈಗ ಕತ್ತಿ ಹೋಗಿ ಪದ್ಧತಿ ಉಳಿದಿದೆ. ಹೊಸಬರು ಒಂದು ಮೆಟ್ಟಿಲಿನ ಮೇಲೆ ನಿಂತು ಏರುವುದೇ ಮೇಲು. ಕುದುರೆಯ ಬೆನ್ನಿಗೂ ಅದೇ ಹಿತ. ತಲೆಗೆ ಗಲ್ಲದ ಪಟ್ಟಿ ಬಿಗಿದ ಗಟ್ಟಿ ಟೋಪಿ ಇರಲೇಬೇಕು. ಕಾಲಿಗೆ ಸಣ್ಣ ಹಿಮ್ಮಡಿಯುಳ್ಳ ಬೂಟಿರಬೇಕು, ಚಪ್ಪಲಿ ಕೂಡದು. ಏಕೆಂದರೆ ಹಿಮ್ಮಡಿಯಿಲ್ಲದ ಪಾದ ರಿಕಾಪಿನಲ್ಲಿ ತೂರಿ ಸಿಕ್ಕಿಕೊಂಡರೆ, ಬಿದ್ದವನನ್ನು ಕುದುರೆ ಎಳೆದುಕೊಂಡೇ ಓಡುತ್ತದೆ. ಬೀಳುವುದು ಅಪಾಯ, ಎಳೆಯಲ್ಪಡುವುದು ಅದಕ್ಕಿಂತ ದೊಡ್ಡ ಅಪಾಯ. ಸವಾರನ ಭಾರವೂ ಜೀನಿನ ಭಾರವೂ ಸೇರಿ ಕುದುರೆಯ ತೂಕದ ಐದನೆಯ ಒಂದು ಭಾಗವನ್ನು ಮೀರಬಾರದೆಂಬುದು ಸಾಮಾನ್ಯವಾಗಿ ಒಪ್ಪಿದ ಲೆಕ್ಕ.

ಕುಳಿತುಕೊಳ್ಳುವ ಭಂಗಿಯನ್ನು ಹೇಳುವುದು ಸುಲಭ: ಪಕ್ಕದಿಂದ ನೋಡಿದರೆ ಕಿವಿ, ಹೆಗಲು, ಸೊಂಟ, ಹಿಮ್ಮಡಿ ಇವು ಒಂದೇ ನೆಟ್ಟಗೆರೆಯಲ್ಲಿರಬೇಕು, ಹಿಮ್ಮಡಿ ಕೆಳಕ್ಕೆ, ದೃಷ್ಟಿ ಮುಂದಕ್ಕೆ, ಮೊಣಕೈಯಿಂದ ಕುದುರೆಯ ಬಾಯಿಯವರೆಗೆ ಲಗಾಮು ನೇರವಾಗಿರಬೇಕು. ಹೊಸಬನು ಮಾಡುವುದು ಇದಕ್ಕೆ ಪೂರ್ತಿ ವಿರೋಧ. ಭಯಗೊಂಡ ಮನುಷ್ಯನ ದೇಹ ಮುದುಡಿಕೊಳ್ಳುತ್ತದೆ: ಮುಂದಕ್ಕೆ ಬಗ್ಗುತ್ತಾನೆ, ಮಂಡಿಗಳಿಂದ ಅವುಚುತ್ತಾನೆ, ಹಿಮ್ಮಡಿ ಮೇಲಕ್ಕೇಳುತ್ತದೆ, ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿಯುತ್ತಾನೆ. ಅವನ ಕೈಯಲ್ಲಿರುವುದು ಲಗಾಮು. ಈಗ ಕುದುರೆಯ ದೃಷ್ಟಿಯಿಂದ ನೋಡೋಣ. ಪಕ್ಕೆಗಳನ್ನು ಒತ್ತುವುದೆಂದರೆ ಮುಂದೆ ಹೋಗೆಂಬ ಆಜ್ಞೆ. ಬಾಯಿಯನ್ನು ಎಳೆಯುವುದೆಂದರೆ ನಿಲ್ಲೆಂಬ ಆಜ್ಞೆ. ಒಂದೇ ಕಾಲದಲ್ಲಿ ಎರಡೂ ಬಂದರೆ ಅದು ಏನು ಮಾಡಬೇಕು?

ನಮ್ಮ ಕುದುರೆ ಏನು ಮಾಡಿತೆಂಬುದನ್ನು ಹೇಳಬೇಕಾಗಿದೆ. ನಡಿಗೆ ಕಲಿತು ಕುಕ್ಕುಲೋಟಕ್ಕೆ ಬಂದಿದ್ದ ಮೂರನೆಯ ವಾರ. ಬೇಲಿಯಾಚೆ ಯಾರೋ ತಗಡಿನ ಬಾಗಿಲನ್ನು ದಡಾರನೆ ಮುಚ್ಚಿದರು. ಕುದುರೆ ಬೆಚ್ಚಿ ಮುಂದಕ್ಕೆ ಜಿಗಿಯಿತು, ಅಷ್ಟೆ. ಇನ್ನೆರಡು ಹೆಜ್ಜೆಯಲ್ಲಿ ತಾನಾಗಿ ನಿಲ್ಲುತ್ತಿದ್ದಿತೆಂದು ಆಮೇಲೆ ಉಸ್ತಾದರು ಹೇಳಿದರು. ನಾವು ನಿಲ್ಲಗೊಡಲಿಲ್ಲ. ಎರಡು ಕೈಗಳಿಂದಲೂ ಲಗಾಮಿಗೆ ಜೋತುಬಿದ್ದೆವು, ಕಾಲುಗಳಿಂದ ಅವುಚಿದೆವು. ಬಾಯಿನೋವಿಗೆ ಅದು ತಲೆಯನ್ನು ಮೇಲಕ್ಕೆತ್ತಿ ಕೊಡವಿ ಓಡಿತು. ಓಡಿದಷ್ಟೂ ನಾವು ಎಳೆದೆವು. ಎಳೆದಷ್ಟೂ ಅದು ಓಡಿತು. ಅಂಗಳದ ಮೂಲೆಯಲ್ಲಿ ಅದು ತಿರುಗಿತು, ನಾವು ತಿರುಗಲಿಲ್ಲ. ಮರಳು ಹಾಕಿದ ನೆಲವಾದುದರಿಂದ ಹೆಗಲು ಸ್ವಲ್ಪ ತರಚಿದುದರ ಹೊರತು ಹೆಚ್ಚಿನ ಪೆಟ್ಟಾಗಲಿಲ್ಲ. ಎದ್ದು ನೋಡಿದರೆ ನಮ್ಮನ್ನು ಬೀಳಿಸಿದ ಆ ಅಪರಾಧಿ ಹತ್ತು ಹೆಜ್ಜೆ ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದಿತು. ಉಸ್ತಾದರು ನಮ್ಮನ್ನು ವಿಚಾರಿಸಿದ ಮೇಲೆ ಅದರ ಬಾಯನ್ನು ಬಿಡಿಸಿ ನಮಗೆ ತೋರಿಸಿದರು. ತುಟಿಯ ಎರಡು ಮೂಲೆಗಳೂ ಸುಲಿದು ಕೆಂಪಗಾಗಿದ್ದುವು. ಅವರು ಏನೂ ಅನ್ನಲಿಲ್ಲ. ಅಂದಿದ್ದರೆ ನಮಗೆ ಹಗುರವಾಗುತ್ತಿದ್ದಿತು.

ಮರುದಿನದಿಂದ ನಮಗೆ ಲಗಾಮಿಲ್ಲ. ಕಡಿವಾಣವನ್ನು ತೆಗೆದು, ತಲೆಪಟ್ಟಿಗೆ ಒಂದು ಉದ್ದನೆಯ ಹಗ್ಗ ಕಟ್ಟಿ, ಉಸ್ತಾದರು ನಡುವೆ ನಿಂತು ಕುದುರೆಯನ್ನು ತಮ್ಮ ಸುತ್ತ ವೃತ್ತಾಕಾರವಾಗಿ ನಡೆಸುವರು. ನಾವು ಕೈಗಳನ್ನು ಚಾಚಿ, ಕೆಲವು ದಿನ ರಿಕಾಪುಗಳನ್ನೂ ಬಿಟ್ಟು, ಬರಿದೆ ಕುಳಿತಿರಬೇಕು. ಐರೋಪ್ಯ ಸವಾರಿಶಾಲೆಗಳಲ್ಲಿ ಹೊಸಬರಿಗೆ ಈ ಶಿಕ್ಷಣವನ್ನು ಕೊಡುವುದು ಹಳೆಯ ಪದ್ಧತಿಯೆಂದು ಆಮೇಲೆ ಓದಿ ತಿಳಿದೆವು. ಉದ್ದೇಶವೇನೆಂದರೆ, ಕೈಯನ್ನು ನಂಬಿ ಕುಳಿತುಕೊಳ್ಳುವ ಅಭ್ಯಾಸವನ್ನು ತಪ್ಪಿಸುವುದು. ಸವಾರನು ಕುಳಿತುಕೊಳ್ಳುವುದು ತನ್ನ ತೂಕದಿಂದ, ಸಮತೋಲದಿಂದ. ಲಗಾಮು ಮಾತಿಗೆ ಮಾತ್ರ, ಆಸರೆಗಲ್ಲ.

ಈ ವೃತ್ತದ ದಿನಗಳಲ್ಲಿ ನಮಗೆ ಹ್ಯಾನ್ಸ್ ಎಂಬ ಕುದುರೆಯ ಕಥೆ ನೆನಪಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬ ನಿವೃತ್ತ ಉಪಾಧ್ಯಾಯನು ತನ್ನ ಕುದುರೆಗೆ ಗಣಿತ ಕಲಿಸಿದ್ದನು. ಎರಡು ಮೂರು ಕೂಡಿದರೆಷ್ಟೆಂದು ಕೇಳಿದರೆ ಅದು ಐದು ಸಲ ಗೊರಸನ್ನು ಬಡಿಯುತ್ತಿದ್ದಿತು. 1904ರಲ್ಲಿ ವಿದ್ವಾಂಸರ ಮಂಡಲಿಯೊಂದು ಪರೀಕ್ಷಿಸಿ ಮೋಸವೇನೂ ಇಲ್ಲವೆಂದು ತೀರ್ಮಾನಿಸಿತು. ಆಮೇಲೆ ಆಸ್ಕರ್ ಫುಂಗ್ಸ್ಟ್ ಎಂಬವನು ತಾಳ್ಮೆಯಿಂದ ಪರೀಕ್ಷೆ ನಡೆಸಿ 1907ರಲ್ಲಿ ಪ್ರಕಟಿಸಿದ ಸಂಗತಿ ಸೋಜಿಗವಾದುದು. ಪ್ರಶ್ನೆ ಕೇಳಿದವನಿಗೆ ಉತ್ತರ ತಿಳಿಯದಿದ್ದರೆ ಕುದುರೆಗೂ ತಿಳಿಯುತ್ತಿರಲಿಲ್ಲ. ಅವನು ಕಾಣಿಸದಿದ್ದರೂ ತಿಳಿಯುತ್ತಿರಲಿಲ್ಲ. ಬಡಿತಗಳ ಎಣಿಕೆ ಸರಿಯಾದ ಸಂಖ್ಯೆಗೆ ಬಂದಾಗ ಕೇಳಿದವನ ತಲೆಯಲ್ಲಿ, ಮುಖದಲ್ಲಿ, ಅವನಿಗೇ ಅರಿವಿಲ್ಲದಂತೆ ಒಂದು ಅತಿಸೂಕ್ಷ್ಮವಾದ ಚಲನೆಯುಂಟಾಗುತ್ತಿದ್ದಿತು. ಹ್ಯಾನ್ಸ್ ಅದನ್ನು ನೋಡಿ ನಿಲ್ಲಿಸುತ್ತಿದ್ದಿತು. ಇದನ್ನು ಕೇಳಿ, ಹಾಗಾದರೆ ಅದಕ್ಕೆ ಲೆಕ್ಕ ಬರುತ್ತಿರಲಿಲ್ಲವೆಂದು ನಗುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಕೂಡುವ ಲೆಕ್ಕವನ್ನು ನಮ್ಮ ಮಕ್ಕಳೂ ಮಾಡುತ್ತಾರೆ. ಎದುರಿಗಿರುವವನ ಮನಸ್ಸು ಅವನ ಮೈಯಲ್ಲಿ ಕೂದಲೆಳೆಯಷ್ಟು ಮೂಡುವುದನ್ನು ಓದಬಲ್ಲವರು ನಮ್ಮ ಕಾಲೇಜಿನಲ್ಲಿ ಯಾರಿದ್ದಾರೆ? ಅಷ್ಟನ್ನು ಕಾಣಬಲ್ಲ ಪ್ರಾಣಿಯ ಬೆನ್ನಿನ ಮೇಲೆ, ನೊಣದ ಕಾಲನ್ನು ಬಲ್ಲ ಚರ್ಮದ ಮೇಲೆ, ಅರವತ್ತೆಂಟು ಕಿಲೋಗ್ರಾಂ ತೂಕದ ನಮ್ಮ ಭಯವನ್ನು ನಾವು ಕೂರಿಸಿದ್ದೆವು.

ಕುದುರೆಗೆ ಯಾವುದನ್ನು ಕಲಿಸಬೇಕಾದರೂ ಮೂಲಸೂತ್ರ ಒಂದೇ: ಒತ್ತುವುದು, ಮತ್ತು ಬಿಡುವುದು. ಕಾಲಿನಿಂದ ಮೆಲ್ಲಗೆ ಒತ್ತುತ್ತೇವೆ. ಅದು ಹೆಜ್ಜೆಯಿಟ್ಟ ಕೂಡಲೇ ಒತ್ತುವುದನ್ನು ಬಿಡುತ್ತೇವೆ. ಅದು ಪಾಠ ಕಲಿಯುವುದು ಒತ್ತಿದ್ದರಿಂದಲ್ಲ, ಬಿಟ್ಟದ್ದರಿಂದ. ಬಿಡುವುದು ಒಂದು ಕ್ಷಣ ತಡವಾದರೂ ಯಾವುದಕ್ಕಾಗಿ ಬಿಟ್ಟೆವೆಂಬುದು ಅದಕ್ಕೆ ತಿಳಿಯುವುದಿಲ್ಲ. ಬಿಡದೆಯೇ ಇದ್ದರೆ ಕೆಲವು ತಿಂಗಳಲ್ಲಿ ಒತ್ತಿದರೂ ಅಲುಗದ ಮೊಂಡುಗುದುರೆಯಾಗುತ್ತದೆ. ಬಾಡಿಗೆಯ ಕುದುರೆಗಳ ಬಾಯಿ ಮರಗಟ್ಟಿರುವುದಕ್ಕೆ ಇದೇ ಕಾರಣ. ಓಡುತ್ತಿರುವ ಕುದುರೆಯನ್ನು ನಿಲ್ಲಿಸುವಾಗಲೂ ಎರಡು ಲಗಾಮನ್ನೂ ಸಮನಾಗಿ ಜಗ್ಗಿ ಹಿಡಿದರೆ ಅದು ಆ ಎಳೆತಕ್ಕೇ ಒರಗಿ ಇನ್ನಷ್ಟು ಓಡುತ್ತದೆ. ಎಳೆದು ಬಿಟ್ಟು, ಎಳೆದು ಬಿಟ್ಟು, ಒಂದು ಕಡೆಯ ಲಗಾಮಿನಿಂದ ಮೆಲ್ಲಮೆಲ್ಲನೆ ದೊಡ್ಡ ಸುತ್ತಿಗೆ ತಂದು ಸುತ್ತನ್ನು ಕಿರಿದುಮಾಡುತ್ತ ಬರಬೇಕು. ಇದನ್ನು ನಮಗೆ ಮೊದಲೇ ಹೇಳಿದ್ದರು. ಬಾಗಿಲು ಬಡಿದಾಗ ನೆನಪಿಗೆ ಬರಲಿಲ್ಲ.

ನಡೆಗಳ ವಿಚಾರವಾಗಿ ಎರಡು ಮಾತು. ನಡಿಗೆಯಲ್ಲಿ ನಾಲ್ಕು ಕಾಲುಗಳೂ ಒಂದೊಂದಾಗಿ ಬೀಳುವುದರಿಂದ ನಾಲ್ಕು ತಾಳ. ಕುಕ್ಕುಲೋಟದಲ್ಲಿ ಮುಂದಿನ ಒಂದು ಕಾಲೂ ಅದಕ್ಕೆ ಓರೆಯಾಗಿರುವ ಹಿಂದಿನ ಕಾಲೂ ಒಟ್ಟಿಗೆ ಬೀಳುವುದರಿಂದ ಎರಡು ತಾಳ. ಹೊಸಬನ ಬೆನ್ನುಮೂಳೆಗೆ ಬುದ್ಧಿ ಕಲಿಸುವುದು ಈ ನಡೆಯೇ. ಒಂದು ತಾಳಕ್ಕೆ ಜೀನಿನಿಂದ ತುಸು ಏಳುವುದು, ಇನ್ನೊಂದಕ್ಕೆ ಕುಳಿತುಕೊಳ್ಳುವುದು ಹೀಗೆ ಮಾಡಿದರೆ ಇಬ್ಬರಿಗೂ ಸುಖ. ಇಂಗ್ಲಿಷರು ಕ್ಯಾಂಟರ್ ಎನ್ನುವ ನಡುಓಟಕ್ಕೆ ಮೂರು ತಾಳ. ಕೊನೆಯದು ನಾಗಾಲೋಟ, ನಾಲ್ಕು ಕಾಲಿನ ಓಟವೆಂಬ ಅರ್ಥ ಆ ಹೆಸರಿನಲ್ಲಿಯೇ ಇದೆ. ಈ ಓಟದಲ್ಲಿ ಕುದುರೆಯ ಉಸಿರೂ ಹೆಜ್ಜೆಗೆ ಕಟ್ಟುಬಿದ್ದು, ಒಂದು ನೆಗೆತಕ್ಕೆ ಒಂದು ಉಸಿರಿನಂತೆ ನಡೆಯುತ್ತದೆ. ಹಿಂದಿನ ಚಿತ್ರಕಾರರು ಇದನ್ನು ಬರೆಯುವಾಗ ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿಸಿ ಕುದುರೆಯನ್ನು ಗಾಳಿಯಲ್ಲಿ ತೇಲಿಸುತ್ತಿದ್ದರು. 1878ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಮೈಬ್ರಿಜ್ ಎಂಬವನು ಸಾಲಾಗಿ ಕ್ಯಾಮರಾಗಳನ್ನಿಟ್ಟು ತೆಗೆದ ಛಾಯಾಚಿತ್ರಗಳಿಂದ ನಿಜಾಂಶ ತಿಳಿಯಿತು. ನಾಲ್ಕು ಕಾಲುಗಳೂ ನೆಲವನ್ನು ಬಿಟ್ಟಿರುವ ಒಂದು ಕ್ಷಣವುಂಟು. ಆದರೆ ಆಗ ಅವು ಚಾಚಿರುವುದಿಲ್ಲ, ಹೊಟ್ಟೆಯಡಿಯಲ್ಲಿ ಮಡಿಸಿಕೊಂಡಿರುತ್ತವೆ. ಸಾವಿರಾರು ವರ್ಷ ಕುದುರೆಯ ಜೊತೆಯಲ್ಲಿ ಬಾಳಿದ ಮನುಷ್ಯನ ಕಣ್ಣಿಗೆ ಇಷ್ಟು ಕಾಣಿಸಿರಲಿಲ್ಲ. ಕುದುರೆಯೋ ಅವನ ಹುಬ್ಬಿನ ಚಲನೆಯನ್ನು ನೋಡುತ್ತಲೇ ಇದ್ದಿತು.

ನಾಗಾಲೋಟದ ಮಾತಾಡುವಾಗ ಮೈಸೂರು ಲ್ಯಾನ್ಸರ್ಸ್ ದಳವನ್ನು ಮರೆಯುವುದು ಸಾಧ್ಯವಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಜೋಧಪುರದ ಮತ್ತು ಮೈಸೂರಿನ ಸವಾರರು ತೋಪುಗಳೂ ಯಂತ್ರಬಂದೂಕುಗಳೂ ಕಾಯುತ್ತಿದ್ದ ಹೈಫಾ ಪಟ್ಟಣವನ್ನು ಈಟಿ ಹಿಡಿದು ಕುದುರೆಗಳ ಮೇಲೆ ನುಗ್ಗಿ ಗೆದ್ದರು. ಬೆಂಗಳೂರಿನ ಜೆ. ಸಿ. ನಗರದಲ್ಲಿ ಅವರ ಸ್ಮಾರಕವಿದೆ. ತಗಡಿನ ಬಾಗಿಲಿಗೆ ಬೆಚ್ಚುವ ಪ್ರಾಣಿಯು ಗುಂಡಿನ ಸದ್ದಿಗೆ ಎದುರಾಗಿ ಓಡಬೇಕಾದರೆ ಬೆನ್ನ ಮೇಲಿನವನ ಮೈಯಿಂದ ಅದಕ್ಕೆ ಯಾವ ಧೈರ್ಯ ಇಳಿದುಬರುತ್ತಿದ್ದಿರಬೇಕು! ಆ ಸ್ಮಾರಕದ ಮುಂದೆ ನಾವು ಹಿಂದೆ ಎಷ್ಟೋ ಸಲ ಹಾದುಹೋಗಿದ್ದರೂ ನಿಂತು ನೋಡಿದುದು ಬಿದ್ದ ಮೇಲೆಯೇ.

ಎರಡು ವಾರಗಳಾದ ಮೇಲೆ ಕುದುರೆಯ ತುಟಿ ಮಾಯ್ದಿತು. ಲಗಾಮು ಮರಳಿ ಕೈಗೆ ಬಂದ ದಿನ ಅದನ್ನು ಹಿಡಿಯಲು ನಮಗೆ ಬಿದ್ದ ದಿನಕ್ಕಿಂತಲೂ ಹೆಚ್ಚು ಅಳುಕಾಯಿತು. ಒಂದು ಸುತ್ತು ಕುಕ್ಕುಲೋಟ ಮುಗಿಸಿ, ನಿಲ್ಲಿಸಬೇಕೆಂದುಕೊಂಡು, ಹಗ್ಗದ ದಿನಗಳಲ್ಲಿ ಹೇಳಿಕೊಟ್ಟಿದ್ದಂತೆ ಮೊದಲು ಬೆನ್ನನ್ನು ನೆಟ್ಟಗೆ ಮಾಡಿ ಉಸಿರನ್ನು ಪೂರ್ತಿ ಹೊರಕ್ಕೆ ಬಿಟ್ಟೆವು. ಲಗಾಮನ್ನು ಇನ್ನೂ ಎಳೆದಿರಲಿಲ್ಲ. ಕುದುರೆಯ ಒಂದು ಕಿವಿ ನಮ್ಮ ಕಡೆಗೆ ತಿರುಗಿತು; ಅದು ನಡಿಗೆಗಿಳಿದು, ನಿಂತಿತು.

ಸವಾರಿ ಮುಗಿದ ಮೇಲೆ ಪಟ್ಟಿಯನ್ನು ಸಡಿಲಿಸಿ, ಉಸಿರು ತಣಿಯುವವರೆಗೆ ಕುದುರೆಯನ್ನು ಕೈಯಲ್ಲಿ ಹಿಡಿದು ನಡೆಸಬೇಕು. ಅನಂತರ ನೀರು. ಈ ನೀರಿನ ವಿಷಯದಲ್ಲಿ ನಮಗೂ ಉಸ್ತಾದರಿಗೂ ಇಂದಿಗೂ ಒಮ್ಮತವಿಲ್ಲ. ಮೈ ಬಿಸಿಯಾಗಿರುವ ಕುದುರೆಗೆ ತಣ್ಣೀರು ತೋರಿಸಬಾರದು, ಮೈಮೇಲೆ ಸುರಿಯಲಂತೂ ಬಾರದೆಂಬುದು ಲಾಯದ ಹಳೆಯ ನಿಯಮ. ಅವರು ಅದನ್ನು ತಂದೆಯಿಂದ ಕಲಿತವರು. ಆದರೆ 1996ರಲ್ಲಿ ಅಟ್ಲಾಂಟ ನಗರದ ಒಲಿಂಪಿಕ್ ಪಂದ್ಯಗಳಿಗೆ ಮುಂಚೆ, ಸೆಕೆಯಲ್ಲಿ ಓಡುವ ಕುದುರೆಗಳ ಮೇಲೆ ಪಶುವೈದ್ಯರು ನಡೆಸಿದ ಪರೀಕ್ಷೆಗಳಿಂದ, ತಣ್ಣೀರನ್ನು ಧಾರಾಳವಾಗಿ ಮೈಮೇಲೆ ಸುರಿಯುವುದರಿಂದ ಕೇಡಿಲ್ಲವೆಂದೂ, ಬೇಗ ತಣಿಸುವುದಕ್ಕೆ ಅದೇ ಒಳ್ಳೆಯ ಉಪಾಯವೆಂದೂ ಗೊತ್ತಾಗಿದೆ. ಇದನ್ನು ಓದಿ ಹೇಳಿದೆವು. ಉಸ್ತಾದರು ಪೂರ್ತಿ ಕೇಳಿ, "ಇರಬಹುದು, ಮೇಷ್ಟ್ರೇ. ಅವಳನ್ನು ಕೇಳಿ ನೋಡೋಣ," ಎಂದು ಬಕೆಟ್ಟನ್ನು ನಮ್ಮ ಕೈಗೆ ಕೊಟ್ಟರು. ಗೊರಸಿನಿಂದ ಆರಂಭಿಸಿ, ಮೆಲ್ಲಗೆ ಕಾಲುಗಳ ಮೇಲಕ್ಕೆ ನೀರು ಹಾಕುತ್ತ ಬಂದೆವು. ಅವರು ಕುದುರೆಯ ಕಿವಿಗಳನ್ನೇ ನೋಡುತ್ತ ನಿಂತಿದ್ದರು.